ಅಡ್ಮಿರಲ್ ಸ್ಟ್ಯಾಂಡ್ಲಿ ಮಾಸ್ಕೋದಲ್ಲಿ ಬಾಯಿಬಿಟ್ಟ ದಿನ

1943ರ ಮಾರ್ಚ್ 8. ಮಾಸ್ಕೋದಲ್ಲಿ ಅಮೆರಿಕದ ರಾಯಭಾರಿ ವಿಲಿಯಂ ಸ್ಟ್ಯಾಂಡ್ಲಿ ಪತ್ರಕರ್ತರ ಜೊತೆ ಕೂತಿದ್ದರು. ಅವರು ಹೇಳಿದ್ದರ ತಿರುಳು ಇಷ್ಟು: ನಾವು ಕಳಿಸುತ್ತಿರುವ ನೆರವಿನ ಬಗ್ಗೆ ಇಲ್ಲಿನ ಪತ್ರಿಕೆಗಳಲ್ಲಿ ಏನಾದರೂ ಬರುತ್ತದಾ ಅಂತ ಬಂದಾಗಿನಿಂದ ಹುಡುಕುತ್ತಿದ್ದೇನೆ, ಎಲ್ಲೂ ಕಾಣಲಿಲ್ಲ. ಹೊರಗಿನಿಂದ ಸಹಾಯ ಬರುತ್ತಿದೆ ಅನ್ನೋದನ್ನು ಇಲ್ಲಿನ ಅಧಿಕಾರಿಗಳು ಮುಚ್ಚಿಡುತ್ತಿರುವ ಹಾಗೆ ಕಾಣುತ್ತದೆ. ಕೆಂಪು ಸೇನೆ, ಅಂದರೆ ಸೋವಿಯತ್ ಸೇನೆ, ಒಂಟಿಯಾಗಿ ಯುದ್ಧ ಮಾಡುತ್ತಿದೆ ಅಂತಲೇ ತಮ್ಮ ಜನ ನಂಬಲಿ ಅಂತ ಅವರಿಗೆ ಇದೆಯೇನೋ.

ಇದನ್ನು ಬರೆಯಬಹುದಾ ಅಂತ ಪತ್ರಕರ್ತರು ಕೇಳಿದರು. ಬರೆಯಬಹುದು ಅಂದರು ಸ್ಟ್ಯಾಂಡ್ಲಿ.

ಮಿತ್ರದೇಶದ ರಾಜಧಾನಿಯಲ್ಲಿ, ಯುದ್ಧ ನಡೆಯುತ್ತಿರುವಾಗ, ರಷ್ಯಾ ಜರ್ಮನ್ನರನ್ನು ಸೋಲಿಸಿ ಸ್ಟಾಲಿನ್‌ಗ್ರಾಡ್ ಗೆದ್ದು ಐದು ವಾರ ಆಗಿದೆಯಷ್ಟೆ, ಅಂಥ ಹೊತ್ತಿನಲ್ಲಿ ರಾಯಭಾರಿಯೊಬ್ಬರು ಆ ದೇಶದ ಸರ್ಕಾರದ ಬಗ್ಗೆ ಹೀಗೆ ಮಾತಾಡಿದ್ದು ದೊಡ್ಡ ಗದ್ದಲವೇ ಆಯಿತು. ಈ ಘಟನೆಯನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ: ನೌಕಾಪಡೆಯವರು, ನೇರ ಮಾತಿನವರು, ನಾಲಿಗೆ ಜಾರಿತು ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ಬೇರೆ ಎಲ್ಲ ಬಾಗಿಲು ತಟ್ಟಿ ನೋಡಿ, ಯಾವುದೂ ತೆರೆಯದಿದ್ದಾಗ ಆ ಮನುಷ್ಯ ತಿಳಿದೇ ಮಾಡಿದ ಕೆಲಸ ಇದು. ಅದಕ್ಕೇ ಈ ಒಂದು ದಿನವನ್ನು ಹಿಂದೆ ಮುಂದೆ ಸೇರಿಸಿ ಪೂರ್ತಿಯಾಗಿ ನೋಡಬೇಕು.

ಯಾರಿವರು

ಸ್ಟ್ಯಾಂಡ್ಲಿ ಹುಟ್ಟಿದ್ದು 1872ರಲ್ಲಿ, ಕ್ಯಾಲಿಫೋರ್ನಿಯಾದ ಯೂಕಾಯಾದಲ್ಲಿ. ಅವರ ತಂದೆ ಮೆಂಡೊಸಿನೊ ಕೌಂಟಿಯ ಶೆರಿಫ್, ದರೋಡೆಕೋರರ ಬೆನ್ನು ಹತ್ತಿ ಹೋಗುವುದರಲ್ಲಿ ಹೆಸರು ಮಾಡಿದ್ದವರು. ಮಗ 1895ರಲ್ಲಿ ಅನ್ನಾಪೊಲಿಸ್‌ನ ನೌಕಾ ಅಕಾಡೆಮಿ ಮುಗಿಸಿ ಹಡಗು ಹತ್ತಿದರು. 1899ರಲ್ಲಿ ಫಿಲಿಪ್ಪೀನ್ಸ್‌ನ ಬಲೇರ್ ಎಂಬ ಊರಿನ ಚರ್ಚಿನೊಳಗೆ ಸ್ಪೇನಿನ ಒಂದು ಸಣ್ಣ ತುಕಡಿ ಸಿಕ್ಕಿಹಾಕಿಕೊಂಡಿತ್ತಲ್ಲ, ಅವರನ್ನು ಬಿಡಿಸಲು ಯಾರ್ಕ್‌ಟೌನ್ ಎಂಬ ಅಮೆರಿಕನ್ ಹಡಗು ಹೋಗಿತ್ತು. ಆಗ ದಡಕ್ಕಿಳಿದು ಜಾಗ ನೋಡಿಕೊಂಡು ಬರಲು ಕಳಿಸಿದ್ದು ಇದೇ ಸ್ಟ್ಯಾಂಡ್ಲಿಯವರನ್ನು. ಅವರ ಜೊತೆ ದೋಣಿಯಲ್ಲಿ ಬಂದಿದ್ದ ಅಧಿಕಾರಿ ಮತ್ತು ನಾವಿಕರು ಫಿಲಿಪಿನೊ ಹೋರಾಟಗಾರರ ಕೈಗೆ ಸಿಕ್ಕರು. ಸ್ಟ್ಯಾಂಡ್ಲಿ ಪಾರಾಗಿ ಬಂದರು.

1933ರ ಜುಲೈ 1ರಿಂದ 1937ರ ಜನವರಿ 1ರವರೆಗೆ ಅವರು ಅಮೆರಿಕದ ನೌಕಾಪಡೆಯ ಮುಖ್ಯಸ್ಥರು. ಹಡಗು ಕಟ್ಟಲು ದುಡ್ಡಿಲ್ಲದ ಕಾಲದಲ್ಲಿ ಬಂದರು. 1934ರ ವಿನ್ಸನ್-ಟ್ರ್ಯಾಮೆಲ್ ಕಾಯ್ದೆಯಿಂದ ನೌಕಾಪಡೆಯನ್ನು ಅಂತರರಾಷ್ಟ್ರೀಯ ಒಪ್ಪಂದಗಳು ಹಾಕಿದ್ದ ಮಿತಿಯವರೆಗೆ ಕಟ್ಟಲು ದಾರಿಯಾಯಿತು, ಅದು ಅವರ ಕಾಲದಲ್ಲೇ ಆಗಿದ್ದು. ಆದರೆ ಈ ಪ್ರಕರಣಕ್ಕೆ ಮುಖ್ಯವಾದದ್ದು ಬೇರೆ. 1935-36ರಲ್ಲಿ ಲಂಡನ್‌ನಲ್ಲಿ ನಡೆದ ನೌಕಾ ಸಮ್ಮೇಳನದಲ್ಲಿ ಅವರು ಅಮೆರಿಕದ ಪ್ರತಿನಿಧಿಗಳಲ್ಲಿ ಒಬ್ಬರು. ಜಪಾನ್ ನೌಕಾಬಲದಲ್ಲಿ ತನಗೂ ಸಮಪಾಲು ಬೇಕು ಅಂತ ಹಟ ಹಿಡಿದು 1936ರ ಜನವರಿಯಲ್ಲಿ ಎದ್ದು ಹೋಯಿತು. ಆ ಮೇಜಿನಲ್ಲಿ ಕೂತವರಿಗೆ ಒಂದು ಅಭ್ಯಾಸ ಆಗಿರುತ್ತದೆ: ನೀವು ಇಷ್ಟು ಕೊಟ್ಟರೆ ನಾವು ಇಷ್ಟು, ಪ್ರತಿ ಟನ್ನಿಗೂ ಲೆಕ್ಕ. ಬರೀ ಕೊಡುತ್ತಾ ಹೋಗುವುದು ಅವರ ಮಾತುಕತೆಯ ರೀತಿಯಲ್ಲೇ ಇರಲಿಲ್ಲ.

ನಿವೃತ್ತಿಯಾದ ಮೇಲೆ ಖಾಸಗಿ ಉದ್ಯಮದ ಕಡೆಗೂ ಹೋದರು, 1939ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಹೊರದೇಶಗಳನ್ನು ಕರೆತರುವ ಕೆಲಸವನ್ನೂ ಮಾಡಿದರು. 1941ರಲ್ಲಿ ಯುದ್ಧ ಸಾಮಗ್ರಿ ತಯಾರಿಕೆಯ ಯೋಜನಾ ಮಂಡಳಿಗೆ ನೌಕಾಪಡೆಯ ಪರವಾಗಿ ಮತ್ತೆ ಕರೆ ಬಂತು. ಕಾರ್ಖಾನೆಯಿಂದ ಎಷ್ಟು ಮಾಲು ಹೊರಡುತ್ತದೆ, ಅದು ಯಾರ ಬಾಯಿಯಿಂದ ಕಿತ್ತು ಯಾರಿಗೆ ಕೊಡಬೇಕಾಗುತ್ತದೆ ಅನ್ನೋದನ್ನು ಅವರು ಹತ್ತಿರದಿಂದ ನೋಡಿದ್ದರು. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಅಮೆರಿಕದ ಅಧ್ಯಕ್ಷರ ದೂತ ಹ್ಯಾರಿಮನ್ ಮತ್ತು ಬ್ರಿಟನ್ನಿನ ಸಚಿವ ಬೀವರ್‌ಬ್ರೂಕ್ ಜೊತೆ ಮಾಸ್ಕೋಗೆ ಹೋಗಿ, ರಷ್ಯಾಕ್ಕೆ ಏನೇನು ಕಳಿಸಬೇಕು ಅನ್ನುವ ಮೊದಲ ಒಪ್ಪಂದದ ಕೆಲಸದಲ್ಲೂ ಇದ್ದರು. ಪರ್ಲ್ ಹಾರ್ಬರ್ ದಾಳಿ ಯಾಕಾಯಿತು ಅಂತ ತನಿಖೆ ಮಾಡಿದ ರಾಬರ್ಟ್ಸ್ ಆಯೋಗದಲ್ಲಿ ಸದಸ್ಯರಾದರು. ಆಮೇಲೆ ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನು ಸೋವಿಯತ್ ಒಕ್ಕೂಟಕ್ಕೆ ರಾಯಭಾರಿಯಾಗಿ ಕಳಿಸಿದರು. ಆಗ ಅವರಿಗೆ 69 ವರ್ಷ.

ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಆಯ್ಕೆ ಸಿಗುತ್ತಿರಲಿಲ್ಲ ಅಲ್ವಾ? ಹಡಗು ಗೊತ್ತು, ಕಾರ್ಖಾನೆ ಗೊತ್ತು, ಮಾಸ್ಕೋ ನೋಡಿದ್ದಾರೆ, ಅಧ್ಯಕ್ಷರಿಗೆ ಹಳೆಯ ಪರಿಚಯ.

ಕುರ್ಚಿ ಒಂದು ಕಡೆ, ಕೆಲಸ ಇನ್ನೊಂದು ಕಡೆ

ಮೊದಲ ತೊಂದರೆ ಊರಿನದು. ಜರ್ಮನ್ ಸೇನೆ ಮಾಸ್ಕೋ ಹತ್ತಿರ ಬಂದಾಗ, 1941ರ ಅಕ್ಟೋಬರ್‌ನಲ್ಲಿ, ಎಲ್ಲ ರಾಯಭಾರ ಕಚೇರಿಗಳನ್ನೂ ಅಲ್ಲಿಂದ ಸುಮಾರು 800 ಕಿಲೋಮೀಟರ್ ದೂರದ ಕುಯಿಬಿಷೆವ್‌ಗೆ ಸಾಗಿಸಿದ್ದರು. ಈಗ ಅದಕ್ಕೆ ಸಮಾರಾ ಅಂತ ಹೆಸರು, ವೋಲ್ಗಾ ದಂಡೆಯ ಊರು. 1942ರ ಏಪ್ರಿಲ್‌ನಲ್ಲಿ ಸ್ಟ್ಯಾಂಡ್ಲಿ ಅಧಿಕಾರ ವಹಿಸಿಕೊಂಡಾಗ ಕಚೇರಿ ಅಲ್ಲೇ ಇತ್ತು. ಸ್ಟಾಲಿನ್ ಇರುವುದು ಮಾಸ್ಕೋದಲ್ಲಿ. ತೀರ್ಮಾನ ಆಗುವುದು ಮಾಸ್ಕೋದಲ್ಲಿ. ಏನಾದರೂ ಕೇಳಬೇಕು ಅಂದರೆ ವಿಮಾನ ಹತ್ತಬೇಕು, ಅದಕ್ಕೂ ಅನುಮತಿ ಬೇಕು.

ಬಂದ ಕೂಡಲೇ ಸಿಕ್ಕಿದ ಕೆಲಸವೂ ಮುಜುಗರದ್ದೇ. ಏಪ್ರಿಲ್ 18ರಂದು ಡೂಲಿಟಲ್ ನೇತೃತ್ವದಲ್ಲಿ ಅಮೆರಿಕದ 16 ಬಾಂಬರ್‌ಗಳು ಜಪಾನ್ ಮೇಲೆ ದಾಳಿ ಮಾಡಿದ್ದವು. ಒಂದು ವಿಮಾನ ಇಂಧನ ಸಾಲದೆ ವ್ಲಾಡಿವೊಸ್ಟಾಕ್ ಹತ್ತಿರ ಇಳಿಯಿತು. ರಷ್ಯಾ ಆಗ ಜಪಾನ್ ಜೊತೆ ಯುದ್ಧದಲ್ಲಿ ಇರಲಿಲ್ಲ. ಹಾಗಾಗಿ ಮಿತ್ರದೇಶದ ಆ ಐದು ಜನರನ್ನು ತಡೆದಿಟ್ಟುಕೊಂಡಿತು. ಅವರನ್ನು ಬಿಡಿಸಿಕೊಳ್ಳುವ ಮಾತು ರಾಯಭಾರಿಯ ತಲೆಗೇ ಬಂತು. ಆ ಐವರು ಕೊನೆಗೆ ಇರಾನ್ ಮೂಲಕ ಹೊರಬಿದ್ದದ್ದು ಒಂದು ವರ್ಷದ ಮೇಲೆ, 1943ರ ಮೇನಲ್ಲಿ.

ಆದರೆ ನಿಜವಾದ ಗಂಟು ಇದ್ದದ್ದು ಲೆಂಡ್-ಲೀಸ್‌ನಲ್ಲಿ. ಈಗ ಮಾಲು ತಗೊಂಡು ಹೋಗಿ, ಲೆಕ್ಕ ಯುದ್ಧ ಮುಗಿದ ಮೇಲೆ ನೋಡೋಣ ಅನ್ನುವ ಅಮೆರಿಕದ ಯೋಜನೆ ಅದು, 1941ರ ಮಾರ್ಚ್ 11ರಂದು ಕಾಯ್ದೆಯಾಯಿತು, ಅದೇ ನವೆಂಬರ್‌ನಲ್ಲಿ ರಷ್ಯಾಕ್ಕೂ ವಿಸ್ತರಿಸಿತು. ಮಾಸ್ಕೋದಲ್ಲಿ ಇದನ್ನು ನೋಡಿಕೊಳ್ಳುತ್ತಿದ್ದವರು ಬ್ರಿಗೇಡಿಯರ್ ಜನರಲ್ ಫಿಲಿಪ್ ಫೇಮನ್‌ವಿಲ್. ರಷ್ಯನ್ ಚೆನ್ನಾಗಿ ಬಲ್ಲವರು, 1930ರ ದಶಕದಲ್ಲೇ ಅಲ್ಲಿ ಮಿಲಿಟರಿ ಅಟಾಶೆ, ಅಂದರೆ ರಾಯಭಾರ ಕಚೇರಿಯ ಸೇನಾ ಪ್ರತಿನಿಧಿ, ಆಗಿದ್ದವರು. ಅವರು ವರದಿ ಮಾಡುತ್ತಿದ್ದುದು ರಾಯಭಾರಿಗಲ್ಲ, ನೇರ ವಾಷಿಂಗ್ಟನ್‌ಗೆ. ಅಲ್ಲಿ ರೂಸ್‌ವೆಲ್ಟ್‌ರ ಬಲಗೈ ಹ್ಯಾರಿ ಹಾಪ್ಕಿನ್ಸ್ ಅವರ ಬೆಂಬಲಕ್ಕಿದ್ದರು. ಫೇಮನ್‌ವಿಲ್ ನಿಲುವು ಸರಳ: ರಷ್ಯಾ ಜರ್ಮನಿಯನ್ನು ಹಿಡಿದು ನಿಲ್ಲಿಸಿದೆ, ಕೇಳಿದ್ದು ಕೊಡೋಣ, ಪ್ರತಿಯಾಗಿ ಏನೂ ಕೇಳೋದು ಬೇಡ. ಸ್ಟ್ಯಾಂಡ್ಲಿ ಕೇಳುತ್ತಿದ್ದದ್ದು ಬೇರೆ: ಕೊಡಿ, ಆದರೆ ಜರ್ಮನ್ ಸೇನೆಯ ಬಗ್ಗೆ ಅವರಿಗೆ ಗೊತ್ತಿರುವ ಮಾಹಿತಿ ನಮಗೂ ಬರಲಿ, ನಮ್ಮ ಆಯುಧ ಅಲ್ಲಿ ಹೇಗೆ ಕೆಲಸ ಮಾಡುತ್ತಿದೆ ಅಂತಲಾದರೂ ತಿಳಿಸಲಿ. ರಷ್ಯಾದವರಿಗೆ ಇಬ್ಬರಲ್ಲಿ ಯಾರ ಹತ್ತಿರ ಹೋಗಬೇಕು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇದರ ಮೇಲೆ ವಿಶೇಷ ದೂತರ ಕಾಟ. ಆಗಸ್ಟ್‌ನಲ್ಲಿ ಚರ್ಚಿಲ್ ಮಾಸ್ಕೋಗೆ ಬಂದಾಗ ಅಧ್ಯಕ್ಷರ ಪರವಾಗಿ ಹ್ಯಾರಿಮನ್ ಬಂದರು. ಸೆಪ್ಟೆಂಬರ್‌ನಲ್ಲಿ ವೆಂಡೆಲ್ ವಿಲ್ಕಿ ಬಂದರು, 1940ರ ಚುನಾವಣೆಯಲ್ಲಿ ರೂಸ್‌ವೆಲ್ಟ್ ಎದುರು ನಿಂತು ಸೋತವರು, ಈಗ ಅಧ್ಯಕ್ಷರ ಪತ್ರ ಹಿಡಿದು ಬಂದಿದ್ದರು. ಸ್ಟಾಲಿನ್ ಜೊತೆ ಏಕಾಂತದಲ್ಲಿ ಮಾತಾಡಿದರು, ರಾಯಭಾರಿ ಹೊರಗೇ. ತನ್ನದೇ ದೇಶದ ಮಾತುಕತೆಯಲ್ಲಿ ಏನಾಯಿತು ಅನ್ನೋದು ರಾಯಭಾರಿಗೆ ಪೂರ್ತಿ ತಿಳಿಯಲಿಲ್ಲ. ಇದು ಬರೀ ಮಾನದ ಪ್ರಶ್ನೆ ಅಂತ ನಾನು ಒಪ್ಪುವುದಿಲ್ಲ. ದೊಡ್ಡ ವಿಷಯಕ್ಕೆಲ್ಲ ಇವರನ್ನು ದಾಟಿ ಬೇರೆ ಯಾರೋ ಬರುತ್ತಾರೆ ಅಂತ ಎದುರಿನವರಿಗೆ ಗೊತ್ತಾದ ಮೇಲೆ ಆ ರಾಯಭಾರಿಯ ಮಾತಿಗೆ ಯಾರು ಬೆಲೆ ಕೊಡುತ್ತಾರೆ?

1942ರ ಅಕ್ಟೋಬರ್‌ನಲ್ಲಿ ಸ್ಟ್ಯಾಂಡ್ಲಿ ವಾಷಿಂಗ್ಟನ್‌ಗೇ ಹೋದರು. ಮಾಸ್ಕೋದಲ್ಲಿರುವ ಎಲ್ಲ ಅಮೆರಿಕನ್ನರೂ ಒಬ್ಬರ ಕೈಕೆಳಗೆ ಇರಬೇಕು, ಫೇಮನ್‌ವಿಲ್ ಕೂಡ, ಅಂತ ಪಟ್ಟು ಹಿಡಿದರು. ಆಗಲಿ ಅಂತ ಮಾತು ಸಿಕ್ಕಿತು. 1943ರ ಜನವರಿಯಲ್ಲಿ ವಾಪಸ್ ಬಂದು ನೋಡಿದರೆ ಹೆಚ್ಚೇನೂ ಬದಲಾಗಿರಲಿಲ್ಲ.

ಕಿಡಿ ಹೊತ್ತಿಸಿದ್ದು

ಫೆಬ್ರುವರಿ 2ರಂದು ಸ್ಟಾಲಿನ್‌ಗ್ರಾಡ್‌ನಲ್ಲಿ ಉಳಿದ ಜರ್ಮನ್ ಸೇನೆ ಶರಣಾಯಿತು. ಫೆಬ್ರುವರಿ 23 ಕೆಂಪು ಸೇನೆಯ ದಿನ. ಅಂದು ಸ್ಟಾಲಿನ್ ಹೊರಡಿಸಿದ ಆದೇಶದಲ್ಲಿ, ಯುರೋಪಿನಲ್ಲಿ ಎರಡನೇ ರಣರಂಗ, ಅಂದರೆ ಪಶ್ಚಿಮದಿಂದ ಜರ್ಮನಿಯ ಮೇಲೆ ಮಿತ್ರದೇಶಗಳ ದಾಳಿ, ಇಲ್ಲದಿರುವುದರಿಂದ ಕೆಂಪು ಸೇನೆ ಒಂದೇ ಯುದ್ಧದ ಇಡೀ ಭಾರ ಹೊತ್ತಿದೆ ಅನ್ನುವ ಮಾತಿತ್ತು. ಅಮೆರಿಕದ ಮಾಲಿನ ಬಗ್ಗೆ ಒಂದು ಪದವೂ ಇರಲಿಲ್ಲ.

ಆ ಮಾಲು ಹೇಗೆ ಬರುತ್ತಿತ್ತು ಅಂತ ಒಮ್ಮೆ ನೋಡಿ. ಉತ್ತರದ ಮಂಜಿನ ಸಮುದ್ರ ದಾಟಿ ಮುರ್ಮನ್ಸ್ಕ್‌ಗೆ, ಅರ್ಖಾಂಗೆಲ್ಸ್ಕ್‌ಗೆ. 1942ರ ಜುಲೈನಲ್ಲಿ ಪಿಕ್ಯೂ-17 ಎಂಬ ಒಂದೇ ಹಡಗು ಸಾಲಿನಲ್ಲಿ 24 ಸರಕು ಹಡಗುಗಳನ್ನು ಜರ್ಮನ್ ವಿಮಾನಗಳೂ ಜಲಾಂತರ್ಗಾಮಿಗಳೂ ಸೇರಿ ಮುಳುಗಿಸಿದವು. ಟ್ಯಾಂಕ್, ಲಾರಿ, ವಿಮಾನ ಎಲ್ಲ ತಳ ಸೇರಿತು. ಆ ನೀರಿನಲ್ಲಿ ಬಿದ್ದವನು ಕೆಲವೇ ನಿಮಿಷ ಬದುಕಿರುತ್ತಾನೆ. ಜೀವಮಾನವೆಲ್ಲ ಹಡಗಿನಲ್ಲಿ ಕಳೆದ ಒಬ್ಬ ಅಡ್ಮಿರಲ್‌ಗೆ ಇದು ಅಂಕಿಅಂಶವಾಗಿ ಕಾಣುವುದಿಲ್ಲ. ಹಡಗಿನವರ ಲೋಕದಲ್ಲಿ ಒಂದು ಸಂಕೇತ ಕಳಿಸಿದರೆ ಸಿಕ್ಕಿತು ಅಂತ ಮರುಸಂಕೇತ ಬರಲೇಬೇಕು, ಬರದಿದ್ದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ಸ್ಟ್ಯಾಂಡ್ಲಿ ಆ ಮರುಸಂಕೇತಕ್ಕೆ ಕಾಯುತ್ತಿದ್ದರು.

ಇನ್ನೊಂದು ವಿಷಯ ಅವರನ್ನು ಜಾಸ್ತಿ ಕಾಡಿತ್ತು. ಸರ್ಕಾರದ ಲೆಂಡ್-ಲೀಸ್ ಒಂದು ಕಡೆ ಇರಲಿ. ರೆಡ್ ಕ್ರಾಸ್ ಮೂಲಕ, ರಷ್ಯನ್ ವಾರ್ ರಿಲೀಫ್ ಎಂಬ ಸಂಸ್ಥೆಯ ಮೂಲಕ ಅಮೆರಿಕದ ಸಾಮಾನ್ಯ ಜನ ತಮ್ಮ ಜೇಬಿನಿಂದ ದುಡ್ಡು, ಔಷಧಿ, ಬಟ್ಟೆ ಕಳಿಸುತ್ತಿದ್ದರು, ರಷ್ಯಾದ ಜನರಿಗೆ ನೆರವಾಗುತ್ತಿದ್ದೇವೆ ಅನ್ನುವ ಪ್ರೀತಿಯಿಂದ. ಆ ಕಡೆ ಪಡೆದುಕೊಂಡವರಿಗೆ ಇದು ಎಲ್ಲಿಂದ ಬಂತು ಅಂತಲೇ ಗೊತ್ತಾಗುತ್ತಿಲ್ಲ. ಕೊಡುವವರನ್ನು ಹೀಗೆ ತಪ್ಪು ನಂಬಿಕೆಯಲ್ಲಿ ಇಡುವುದು ನ್ಯಾಯವಲ್ಲ ಅಂತ ಅವರು ಪತ್ರಕರ್ತರ ಎದುರು ಹೇಳಿದರು. ಇಡೀ ಹೇಳಿಕೆಯಲ್ಲಿ ನನಗೆ ಅತ್ಯಂತ ಗಟ್ಟಿ ಅನ್ನಿಸುವ ಭಾಗ ಇದೇ.

ಸಮಯವನ್ನೂ ನೋಡಿ. ಲೆಂಡ್-ಲೀಸ್ ಮುಂದುವರಿಸುವ ಮಸೂದೆ ಅದೇ ವಾರ ಅಮೆರಿಕದ ಕಾಂಗ್ರೆಸ್ ಮುಂದಿತ್ತು. ಸ್ಟ್ಯಾಂಡ್ಲಿಗೆ ಇದು ಗೊತ್ತಿತ್ತು, ಮಾತಿನ ಮಧ್ಯೆ ಕಾಂಗ್ರೆಸ್ಸಿನ ಹೆಸರನ್ನೂ ಎತ್ತಿದರು. ಮಾಸ್ಕೋದಿಂದ ಹೊರಡುವ ಸುದ್ದಿ ಎಲ್ಲವೂ ಸೋವಿಯತ್ ಸೆನ್ಸಾರ್ ದಾಟಿಯೇ ಹೋಗಬೇಕು. ಇದೂ ದಾಟಿ ಹೋಯಿತು.

ಆ ವಾರ ಏನಾಯಿತು

ವಾಷಿಂಗ್ಟನ್‌ಗೆ ಸಿಡಿಲು ಬಡಿದ ಹಾಗಾಯಿತು. ವಿದೇಶಾಂಗ ಇಲಾಖೆಯ ಸಮ್ನರ್ ವೆಲ್ಸ್ ಮರುದಿನವೇ ಪತ್ರಕರ್ತರಿಗೆ, ರಾಯಭಾರಿ ನಮ್ಮನ್ನು ಕೇಳದೆ ಮಾತಾಡಿದ್ದಾರೆ ಅಂದರು. ಕೆಲವು ಸಂಸದರು ರೇಗಿದರು, ಕೆಲವರು ಕೊನೆಗೂ ಒಬ್ಬರು ಸತ್ಯ ಹೇಳಿದರು ಅಂತ ಬೆನ್ನು ತಟ್ಟಿದರು. ಮಸೂದೆ ಬೀಳುತ್ತದೇನೋ ಅನ್ನುವ ಭಯ ಒಂದು ದಿನ ಇತ್ತು. ಮಾರ್ಚ್ 10ರಂದು ಕೆಳಮನೆ 407ಕ್ಕೆ 6 ಮತಗಳಿಂದ ಒಪ್ಪಿತು. ಮಾರ್ಚ್ 11ರಂದು ಸೆನೆಟ್‌ನಲ್ಲಿ 82 ಪರ, ವಿರೋಧ ಸೊನ್ನೆ.

ಮಾಸ್ಕೋದಲ್ಲಿ ಆಗಿದ್ದು ಇನ್ನೂ ಮುಖ್ಯ. ಲೆಂಡ್-ಲೀಸ್ ಆಡಳಿತಗಾರ ಸ್ಟೆಟಿನಿಯಸ್ ಕೊಟ್ಟ ಅಂಕಿಗಳು ಸೋವಿಯತ್ ಪತ್ರಿಕೆಗಳಲ್ಲಿ ಅಚ್ಚಾದವು. ವಾಷಿಂಗ್ಟನ್‌ನಲ್ಲಿದ್ದ ಸೋವಿಯತ್ ರಾಯಭಾರಿ ಲಿಟ್ವಿನೋವ್ ಎಲ್ಲರ ಎದುರು ಕೃತಜ್ಞತೆಯ ಮಾತಾಡಿದರು. ಹನ್ನೊಂದು ತಿಂಗಳು ಪತ್ರ ಬರೆದು, ವಿಮಾನ ಹತ್ತಿ, ಕಾದು ಕೂತು ಸಿಗದಿದ್ದದ್ದು ಒಂದು ಪತ್ರಿಕಾಗೋಷ್ಠಿಯಿಂದ ಕೆಲವೇ ದಿನಗಳಲ್ಲಿ ಸಿಕ್ಕಿತು.

ಆಮೇಲೆ ಸೋವಿಯತ್ ವಿದೇಶಾಂಗ ಮುಖ್ಯಸ್ಥ ಮೊಲೊಟೊವ್ ಭೇಟಿಯಲ್ಲಿ ಈ ವಿಷಯ ಬಂತು. ನೆರವಿನ ಬಗ್ಗೆ ನಮ್ಮ ಬೀದಿಯಲ್ಲಿ ಹೋಗುವ ಮನುಷ್ಯನಿಗೂ ಗೊತ್ತು ಅನ್ನುವುದು ಮೊಲೊಟೊವ್ ವಾದ. ಸ್ಟ್ಯಾಂಡ್ಲಿಯ ಉತ್ತರ: ಬೀದಿಯ ಮನುಷ್ಯನ ಜೊತೆ ನಮಗೆ ಮಾತೇ ಇಲ್ಲವಲ್ಲ, ನಮ್ಮ ಹತ್ತಿರ ಬರಲು ಅವನಿಗೆ ಧೈರ್ಯ ಇಲ್ಲ. ಸುಮ್ನೆ ವಾದಕ್ಕೆ ಹೇಳಿದ್ದಲ್ಲ ಇದು. ವಿದೇಶಿಯರ ಜೊತೆ ಮಾತಾಡಿದರೆ ಏನಾಗುತ್ತದೆ ಅಂತ ಆ ಊರಿನ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಆ ಕಡೆಯವರ ಮಾತನ್ನೂ ಕೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಸ್ಟಾಲಿನ್‌ಗ್ರಾಡ್‌ನಲ್ಲಿ ರಷ್ಯನ್ನರು ಲಕ್ಷಗಟ್ಟಲೆ ಸತ್ತಿದ್ದರು. ಲೆನಿನ್‌ಗ್ರಾಡ್‌ನಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. 1942ರಲ್ಲೇ ಎರಡನೇ ರಣರಂಗ ತೆರೆಯುವ ಮಾತು ಮಿತ್ರದೇಶಗಳಿಂದ ಬಂದಿತ್ತು, ಆಗಲಿಲ್ಲ. ಲೆಂಡ್-ಲೀಸ್‌ನ ಬಹುಪಾಲು ಮಾಲು ಬಂದದ್ದು ಸ್ಟಾಲಿನ್‌ಗ್ರಾಡ್ ಗೆದ್ದ ಮೇಲೆ. ಮನೆಯಲ್ಲಿ ಸಾವಾಗಿರುವಾಗ ಡಬ್ಬಿ ಮಾಂಸ ಕಳಿಸಿದ್ದೇನೆ, ನೆನೆಸಿಕೊಳ್ಳಿ ಅಂದರೆ ಹೇಗಿರುತ್ತದೆ? ಸ್ಟ್ಯಾಂಡ್ಲಿ ಈ ನೋವಿಗೆ ತಮ್ಮ ಮಾತಿನಲ್ಲಿ ಸಾಕಷ್ಟು ಜಾಗ ಕೊಡಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಮುಚ್ಚಿಟ್ಟಿದ್ದು ಸರ್ಕಾರ, ಜನರಲ್ಲ. ಅವರು ಬೊಟ್ಟು ಮಾಡಿದ್ದು ಅಧಿಕಾರಿಗಳ ಕಡೆಗೇ ಆದರೂ, ದೂರದಿಂದ ಕೇಳಿದವರಿಗೆ ರಷ್ಯಾದವರು ಕೃತಘ್ನರು ಅಂದ ಹಾಗೆಯೇ ಕೇಳಿಸಿತು.

ಆದರೂ ವಿಷಯದಲ್ಲಿ ಅವರು ಹೇಳಿದ್ದು ನಿಜ. ಅದೇ ವರ್ಷ ನವೆಂಬರ್ ಕೊನೆಗೆ ಟೆಹ್ರಾನ್‌ನಲ್ಲಿ, ಚರ್ಚಿಲ್ ಹುಟ್ಟುಹಬ್ಬದ ಊಟದಲ್ಲಿ, ಅಮೆರಿಕದ ಯಂತ್ರಗಳಿಲ್ಲದಿದ್ದರೆ ಈ ಯುದ್ಧ ಸೋಲುತ್ತಿದ್ದೆವು ಅನ್ನುವ ಅರ್ಥದಲ್ಲಿ ಸ್ಟಾಲಿನ್ ತಾವೇ ಹೇಳಿದರು. ಯುದ್ಧ ಮುಗಿಯುವಷ್ಟರಲ್ಲಿ ರಷ್ಯಾಕ್ಕೆ ಹೋದ ಅಮೆರಿಕದ ಮಾಲಿನ ಬೆಲೆ ಸುಮಾರು 1,100 ಕೋಟಿ ಡಾಲರ್, ಲಾರಿ ಜೀಪುಗಳೇ ಸುಮಾರು 4 ಲಕ್ಷ. 1948ಕ್ಕೆ ಬಂದರೆ, ಸೋವಿಯತ್ ಯೋಜನಾ ಮುಖ್ಯಸ್ಥ ವೊಜ್ನೆಸೆನ್ಸ್ಕಿ, ಮಿತ್ರದೇಶಗಳ ಸರಕು ನಮ್ಮ ಕೈಗಾರಿಕಾ ಉತ್ಪಾದನೆಯ ಶೇಕಡಾ 4ರಷ್ಟು ಮಾತ್ರ ಅಂತ ಬರೆದರು. ಊಟದ ಮೇಜಿನಲ್ಲಿ ಒಂದು, ಜನರಿಗೆ ಒಂದು. ಸ್ಟ್ಯಾಂಡ್ಲಿ ಎತ್ತಿ ತೋರಿಸಿದ್ದು ಇದನ್ನೇ.

ಬೆಲೆ ಕಟ್ಟಿದ್ದು ಯಾರು

ಅವರನ್ನು ಕೂಡಲೇ ತೆಗೆಯಲಿಲ್ಲ. ತೆಗೆದರೆ ಇನ್ನೊಂದು ಗದ್ದಲ. ಮೇ ತಿಂಗಳಲ್ಲಿ ಹಿಂದಿನ ರಾಯಭಾರಿ ಜೋಸೆಫ್ ಡೇವಿಸ್, ಸ್ಟಾಲಿನ್‌ಗೆ ರೂಸ್‌ವೆಲ್ಟ್ ಬರೆದ ಗುಟ್ಟಿನ ಪತ್ರ ಹಿಡಿದು ಮಾಸ್ಕೋಗೆ ಬಂದರು. ಸ್ಟ್ಯಾಂಡ್ಲಿ ಅವರನ್ನು ಕ್ರೆಮ್ಲಿನ್‌ಗೆ ಕರೆದುಕೊಂಡು ಹೋಗಿ, ಪರಿಚಯ ಮಾಡಿಸಿ, ಪತ್ರ ಓದುವ ಮುಂಚೆ ಎದ್ದು ಹೊರಗೆ ಬರಬೇಕಾಯಿತು. ಅಷ್ಟರಲ್ಲಿ ಅವರು ರಾಜೀನಾಮೆ ಕೊಟ್ಟೂ ಆಗಿತ್ತು. ಅಕ್ಟೋಬರ್‌ನಲ್ಲಿ ಅವರ ಜಾಗಕ್ಕೆ ಹ್ಯಾರಿಮನ್ ಬಂದರು.

ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಮುಂದೆ ಆಗಿದ್ದು. ಹ್ಯಾರಿಮನ್ ಬರುವಾಗ ಮಾಸ್ಕೋದ ವ್ಯವಸ್ಥೆಯನ್ನೇ ಬದಲಾಯಿಸಿದರು. ಅಟಾಶೆ ಕಚೇರಿ ಬೇರೆ, ಲೆಂಡ್-ಲೀಸ್ ಕಚೇರಿ ಬೇರೆ ಅನ್ನುವುದು ಹೋಗಿ, ಜನರಲ್ ಜಾನ್ ಡೀನ್ ಕೈಕೆಳಗೆ ಒಂದೇ ಮಿಲಿಟರಿ ಮಿಷನ್ ಬಂತು, ರಾಯಭಾರಿಯ ಜೊತೆಗೂಡಿ ಕೆಲಸ ಮಾಡುವ ಹಾಗೆ. ಫೇಮನ್‌ವಿಲ್ ಅವರನ್ನು ವಾಪಸ್ ಕರೆಸಿ ಕರ್ನಲ್ ಹುದ್ದೆಗೆ ಇಳಿಸಿದರು. ಎಲ್ಲರೂ ಒಂದು ಸೂರಿನಡಿ ಅಂತ ಸ್ಟ್ಯಾಂಡ್ಲಿ ಒಂದು ವರ್ಷದ ಹಿಂದೆ ವಾಷಿಂಗ್ಟನ್‌ಗೆ ಹೋಗಿ ಬೇಡಿದ್ದು ಇದನ್ನೇ. ಕೇಳಿದವರಿಗೆ ಕೊಡಲಿಲ್ಲ, ಅವರ ನಂತರ ಬಂದವರಿಗೆ ಕೊಟ್ಟರು. ಮೊದಲೇ ಕೊಟ್ಟಿದ್ದರೆ ಮಾರ್ಚ್ 8 ಬರುತ್ತಿತ್ತಾ? ಬರುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಕೈಯಲ್ಲಿ ಹಿಡಿತ ಇದ್ದಿದ್ದರೆ ಮುಂದಿನ ಹಡಗಿನ ಮಾತು ಬಂದಾಗ ಪತ್ರಿಕೆಯ ಮಾತನ್ನೂ ಅಲ್ಲೇ ಮುಗಿಸಬಹುದಿತ್ತು. ಹಿಡಿತ ಬೇರೆಯವರ ಕೈಯಲ್ಲಿದ್ದಾಗ ಅವರಿಗೆ ಉಳಿದದ್ದು ಬಾಯಿ ಒಂದೇ.

ರಾಯಭಾರಿಯ ಹುದ್ದೆ ಮುಗಿದ ಮೇಲೆ ಸ್ಟ್ಯಾಂಡ್ಲಿ ಅಮೆರಿಕದ ಯುದ್ಧಕಾಲದ ಗುಪ್ತಚರ ಸಂಸ್ಥೆ ಓಎಸ್‌ಎಸ್‌ನಲ್ಲಿ ಯೋಜನಾ ಕೆಲಸ ಮಾಡಿದರು, 1945ರಲ್ಲಿ ಮತ್ತೆ ನಿವೃತ್ತರಾದರು, 1963ರ ಅಕ್ಟೋಬರ್‌ನಲ್ಲಿ ಸ್ಯಾನ್ ಡಿಯೇಗೊದಲ್ಲಿ ತೀರಿಕೊಂಡರು.

ಜನರಲ್ ಡೀನ್ ರಷ್ಯಾದವರ ಜೊತೆ ಸಹಕಾರದಿಂದಲೇ ಹೋಗಬೇಕು ಅಂತ ಬಂದವರು, ಮನಸ್ಸಿಟ್ಟು ಪ್ರಯತ್ನವನ್ನೂ ಮಾಡಿದರು. ಒಂದು ವರ್ಷ ಕಳೆದ ಮೇಲೆ, 1944ರ ಡಿಸೆಂಬರ್ 2ರಂದು, ಅವರು ಸೇನಾ ಮುಖ್ಯಸ್ಥ ಜಾರ್ಜ್ ಮಾರ್ಷಲ್‌ಗೆ ಒಂದು ಪತ್ರ ಬರೆದರು. ಸೋವಿಯತ್ ಒಕ್ಕೂಟದಲ್ಲಿ ಕೃತಜ್ಞತೆಯನ್ನು ಬ್ಯಾಂಕಿನಲ್ಲಿ ಕೂಡಿಡಲು ಆಗುವುದಿಲ್ಲ, ಇನ್ನು ಮುಂದೆ ಕೊಡುವಾಗ ಪ್ರತಿಯಾಗಿ ಏನಾದರೂ ಕೇಳಿಯೇ ಕೊಡೋಣ ಅನ್ನುವುದು ಅದರ ತಾತ್ಪರ್ಯ. ಆ ಪತ್ರಕ್ಕೆ ವಾಷಿಂಗ್ಟನ್‌ನಲ್ಲಿ ಮೇಲಿನವರು ಕಿವಿಗೊಟ್ಟರು, ಅದು ಅಧ್ಯಕ್ಷರವರೆಗೂ ಹೋಯಿತು.